ಡಕ್ಟಿನ ಕಡೆಯ ಅಡುಗೆಮನೆ ಕಿಟಕಿಗಳನ್ನೂ ಒಂದು ಹಳೆಯ ಬಾಗಿಲನ್ನೂ ಕುರಿತು

ದಿನಾಂಕ: 18 ಜುಲೈ 2023, ಮಂಗಳವಾರ
ಹೊರಡಿಸಿದ ವೇಳೆ: ಬೆಳಿಗ್ಗೆ 10 ಗಂಟೆ 20 ನಿಮಿಷ
ಸಂಖ್ಯೆ: ನಿಸಂ/ಕಿಬಾ/ಜೋಡಿಗಾಜು/04/2023-24

ನಿವಾಸಿಗಳ ಸಂಘ
ಕಿಟಕಿ ಮತ್ತು ಬಾಗಿಲು ಬದಲಾವಣಾ ವಿಭಾಗ
ಕಚೇರಿ: ಪೂರ್ವದ ಮೆಟ್ಟಿಲು, ನಾಲ್ಕನೇ ಮಹಡಿ, ಸಂಚಾಲಕರ ಮನೆಯ ಊಟದ ಮೇಜು (ಊಟದ ಹೊತ್ತನ್ನು ಹೊರತುಪಡಿಸಿ)

ಸುತ್ತೋಲೆ

ವಿಷಯ: ಕಟ್ಟಡದ ಇಪ್ಪತ್ತು ಮನೆಗಳಿಗೆ ಜೋಡಿಗಾಜಿನ ಕಿಟಕಿ ಮತ್ತು ಬಾಗಿಲುಗಳನ್ನು ಆರಿಸಿಕೊಳ್ಳುವ ಕ್ರಮ, ಹಾಗೂ ಸುತ್ತೋಲೆ ಸಂಖ್ಯೆ 03ರಲ್ಲಿ ಅತ್ಯುತ್ತಮವೆಂದು ಘೋಷಿಸಲಾಗಿದ್ದ ಕಿಟಕಿಯನ್ನು ಅಡುಗೆಮನೆಗಳ ಮಟ್ಟಿಗೆ ಹಿಂಪಡೆಯುವ ಬಗ್ಗೆ.

ಉಲ್ಲೇಖ:
(1) ಸಂಘದ ಸಾಮಾನ್ಯ ಸಭೆಯ ನಿರ್ಣಯ, ದಿನಾಂಕ 7 ಮೇ 2023.
(2) ಸಂಚಾಲಕರ ಪತ್ನಿಯವರ ಮೌಖಿಕ ಆಕ್ಷೇಪಣೆಗಳು, ಸಂಖ್ಯೆ 1ರಿಂದ 46.
(3) ಸಂಚಾಲಕರ ಅಡುಗೆಮನೆಯ ಹಿಂಬಾಗಿಲಿಗೆ ದಿನಾಂಕ 4 ಮಾರ್ಚ್ 2012ರಂದು ಅಂಟಿಸಲಾದ ಟಿಪ್ಪಣಿ (ಈವರೆಗೆ ಹಿಂಪಡೆದಿಲ್ಲ).

ಪ್ರಸ್ತಾವನೆ

ಉಲ್ಲೇಖ (1)ರ ಸಭೆಯಲ್ಲಿ, ಕಟ್ಟಡದ ಹಳೆಯ ಕಿಟಕಿಗಳು ಮುಚ್ಚಿದಾಗ ಪೂರ್ತಿ ಮುಚ್ಚುವುದಿಲ್ಲ, ತೆರೆದಾಗ ಪೂರ್ತಿ ತೆರೆಯುವುದಿಲ್ಲ ಎಂಬುದನ್ನು ಸರ್ವಾನುಮತದಿಂದ ಒಪ್ಪಲಾಯಿತು. ರಸ್ತೆಯಲ್ಲಿ ಬಸ್ಸು ಹಾರ್ನು ಹೊಡೆದರೆ ಮಲಗಿದ ಮಗು ಏಳುತ್ತದೆ, ಮಗು ಎದ್ದರೆ ಅಜ್ಜ ಏಳುತ್ತಾರೆ, ಅಜ್ಜ ಎದ್ದ ಮೇಲೆ ಮನೆಯಲ್ಲಿ ಇನ್ನು ಯಾರೂ ಮಲಗುವಂತಿಲ್ಲ ಎಂದು ಮೂರನೇ ಮಹಡಿಯ ಸೊಸೆಯೊಬ್ಬರು ಲಿಖಿತವಾಗಿ ದೂರಿದ್ದರು. "ಹಾಗಿದ್ರೆ ಎಲ್ಲರ ಮನೆಗೂ ಚೆನ್ನಾಗಿರೋ ಡಬಲ್ ಗ್ಲಾಸ್ ಕಿಟಕಿ ಹಾಕಿಸಿಬಿಡೋಣ" ಎಂದು ಅಧ್ಯಕ್ಷರು ಹೇಳಿದಾಗ ಹಿಂದಿನ ಸಾಲಿನಿಂದ ಒಬ್ಬರು ಎದ್ದು ನಿಂತು "ಚೆನ್ನಾಗಿರೋದು ಅಂದ್ರೆ ಎಷ್ಟು?" ಎಂದು ಕೇಳಿದರು. ಅಧ್ಯಕ್ಷರು "ಅದನ್ನ ನೀವೇ ಅಳೆದು ಹೇಳಿಬಿಡಿ ಸಾರ್" ಎಂದರು. ಸಭೆ ಚಪ್ಪಾಳೆ ತಟ್ಟಿತು. ಈ ವಿಭಾಗವು ಹೀಗೆ ಅಸ್ತಿತ್ವಕ್ಕೆ ಬಂದಿತು.

ಕೇಳಿದವರೇ ಸಂಚಾಲಕರು. ಇತರರ ಅಳತೆಪಟ್ಟಿ, ತಕ್ಕಡಿ, ಗಡಿಯಾರಗಳ ತಪ್ಪು ಹಿಡಿಯುವ ಪ್ರಯೋಗಾಲಯವೊಂದರಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದವರು. ಕಟ್ಟಡದಲ್ಲಿ ತಮ್ಮನ್ನು ಬೆನ್ನ ಹಿಂದೆ 'ಮಿಲಿಮೀಟರ್' ಎನ್ನುತ್ತಾರೆಂಬುದು ಅವರ ಗಮನದಲ್ಲಿದೆ. ಆಕ್ಷೇಪಣೆ ಇರುವುದಿಲ್ಲ.

ವಿಭಾಗವು ಮೂರು ಬಗೆಯ ಜೋಡಿಗಾಜಿನ ಕಿಟಕಿಗಳನ್ನು ಪರೀಕ್ಷೆಗೆ ಒಳಪಡಿಸಿತು. ಜಾರುವ ಕಿಟಕಿ ಹೊರಗಿನ ಶಬ್ದವನ್ನು 26 ಡೆಸಿಬೆಲ್‌ನಷ್ಟು ತಗ್ಗಿಸಿತು. ಕೀಲಿನ ಮೇಲೆ ತೆರೆಯುವ ಕಿಟಕಿ 34ರಷ್ಟು. ತೆರೆಯಲು ಬಾರದ, ಚೌಕಟ್ಟಿಗೆ ಗಾಜನ್ನು ಶಾಶ್ವತವಾಗಿ ಕೂರಿಸಿದ ಕಿಟಕಿ 37ರಷ್ಟು. ಆದ್ದರಿಂದ ತೆರೆಯಲು ಬಾರದ ಕಿಟಕಿಯೇ ಅತ್ಯುತ್ತಮ ಕಿಟಕಿ ಎಂದು ಸುತ್ತೋಲೆ ಸಂಖ್ಯೆ 03ರಲ್ಲಿ ಘೋಷಿಸಲಾಯಿತು. ಆ ಕ್ಷಣದಲ್ಲಿ ಇದು ಯಾರಿಗೂ ವಿಚಿತ್ರವೆನಿಸಲಿಲ್ಲ. ಅಂಕಿಗಳು ಅಷ್ಟು ಚೆನ್ನಾಗಿದ್ದವು.

ನಿರ್ಣಯದಂತೆ ಒಂದು ಮಾದರಿ ಕಿಟಕಿಯನ್ನು ಮೂವತ್ತು ದಿನಗಳ ಪರೀಕ್ಷೆಗಾಗಿ ಯಾವುದಾದರೂ ಮನೆಯಲ್ಲಿ ಅಳವಡಿಸಬೇಕಿತ್ತು. ಸಂಚಾಲಕರು ತಮ್ಮ ಮನೆಯನ್ನೇ ಕೊಟ್ಟರು. ಆದರೆ ರಸ್ತೆ ಕಡೆಯ ಕೋಣೆಗೆ ಹಾಕಿಸಿಕೊಂಡರೆ 'ಮಿಲಿಮೀಟರ್ ತನ್ನ ಮನೆಗೆ ಮೊದಲು ಮಾಡಿಸಿಕೊಂಡ' ಎಂಬ ಮಾತು ಬರಬಹುದೆಂದು ಶಂಕಿಸಿ, ನ್ಯಾಯದ ದೃಷ್ಟಿಯಿಂದ, ಅಡುಗೆಮನೆಯ ಕಿಟಕಿಗೆ ಹಾಕಿಸಿದರು. ಅಡುಗೆಮನೆಯ ಕಿಟಕಿ ತೆರೆಯುವುದು ಡಕ್ಟಿನ ಕಡೆಗೆ. ಎಂದರೆ, ಗಾಳಿ ಬೆಳಕು ಬರಲೆಂದು ಕಟ್ಟಡದ ನಡುವೆ ಬಿಟ್ಟಿರುವ ಖಾಲಿ ಜಾಗದ ಕಡೆಗೆ. ಅಲ್ಲಿಗೆ ಬಸ್ಸಿನ ಹಾರ್ನು ಬರುವುದಿಲ್ಲ. ಮಗು ಏಳುವುದಿಲ್ಲ. ಅಲ್ಲಿ ತಡೆಯಬೇಕಾದ ಶಬ್ದ ಇದ್ದದ್ದು ಒಂದೇ.

ಆ ಶಬ್ದದ ವಿವರ ಹೀಗಿದೆ. ಡಕ್ಟಿನ ಆಚೆ, ಪಶ್ಚಿಮದ ಮೆಟ್ಟಿಲಿನ ನಾಲ್ಕನೇ ಮಹಡಿಯಲ್ಲಿ, ಸಂಚಾಲಕರ ಅಣ್ಣನ ಮನೆ. ಅಣ್ಣನವರು ಮರಗೆಲಸದ ಬೋಧಕರಾಗಿ ನಿವೃತ್ತರು. ಎರಡು ಅಡುಗೆಮನೆ ಕಿಟಕಿಗಳ ನಡುವಿನ ಅಂತರ ಎರಡು ಮೀಟರ್ ನಲವತ್ತು ಸೆಂಟಿಮೀಟರ್. ಲಿಫ್ಟ್ ಇಲ್ಲದ ಈ ಕಟ್ಟಡದಲ್ಲಿ ಕಾಲುನಡಿಗೆಯಿಂದ ಹೋಗುವುದಾದರೆ ಎಂಬತ್ತನಾಲ್ಕು ಮೆಟ್ಟಿಲು ಇಳಿದು ಎಂಬತ್ತನಾಲ್ಕು ಹತ್ತಬೇಕು. ಅಣ್ಣತಮ್ಮಂದಿರು ಹನ್ನೊಂದು ವರ್ಷಗಳಿಂದ ಒಬ್ಬರೊಡನೊಬ್ಬರು ಮಾತಾಡಿಲ್ಲ. ಅವರ ಹೆಂಡತಿಯರು, ಅಂದರೆ ವಾರಗಿತ್ತಿಯರು, ದಿನವೂ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ತಮ್ಮ ತಮ್ಮ ಕಿಟಕಿಯಲ್ಲಿ ನಿಂತು ಮಾತಾಡುತ್ತಾರೆ. ಅದೇ ಹೊತ್ತಿಗೆ ಎರಡೂ ಮನೆಗಳ ಗಂಡಸರಿಗೆ ಅಡುಗೆಮನೆಯ ಪಕ್ಕದಲ್ಲಿ ಏನಾದರೂ ಕೆಲಸವಿರುತ್ತದೆ.

ಮಾದರಿಗಾಗಿ 19 ಜೂನ್‌ನ ಮಾತುಕತೆಯನ್ನು ಇಲ್ಲಿ ನಮೂದಿಸಲಾಗಿದೆ. ಅತ್ತಿಗೆಯವರು: "ನಿನ್ನ ಭಾವಂಗೆ ಪೇಪರ್ ಓದೋಕೆ ಕಷ್ಟ ಆಗ್ತಿದೆ ಕಣೇ. ಕಣ್ಣು ತೋರಿಸಿ ಅಂದ್ರೆ, ಅಕ್ಷರ ಸಣ್ಣ ಮಾಡಿದಾರೆ ಅಂತಾರೆ. ಯಾರಾದ್ರೂ ಬುದ್ಧಿ ಇರೋರು ಹೇಳಿದ್ರೆ ಕೇಳ್ತಾರೇನೋ." ಸಂಚಾಲಕರ ಪತ್ನಿ: "ನಮ್ಮನೇಲೂ ಒಬ್ರಿದಾರಕ್ಕ, ಯಾರಾದ್ರೂ ಮೊದ್ಲು ಕೇಳ್ಲಿ ಅಂತ ಕಾಯೋರು." ಆಗ ಎರಡೂ ಮನೆಗಳಲ್ಲಿ ಒಟ್ಟಿಗೆ ಕುರ್ಚಿ ಸರಿದ ಶಬ್ದವಾಯಿತು. ಸಂಚಾಲಕರು ಒಳಗಿನಿಂದ, ಪತ್ನಿಗೆ ಮಾತ್ರ ಕೇಳುವಂತೆ, ಆದರೆ ಸಾಕಷ್ಟು ಗಟ್ಟಿಯಾಗಿ, "ಕಣ್ಣಿನ ಡಾಕ್ಟ್ರು ಗುರುವಾರ ಸಿಗಲ್ಲ. ಶುಕ್ರವಾರ ಬೆಳಿಗ್ಗೆ ಹೋದ್ರೆ ಕಾಯೋದು ಕಡಿಮೆ. ಸುಮ್ನೆ ಹೇಳ್ದೆ" ಎಂದರು. ಪತ್ನಿಯವರು ಅದನ್ನು ಡಕ್ಟಿಗೆ ದಾಟಿಸಿದರು. ಅಣ್ಣನವರು ಶುಕ್ರವಾರ ಹೋದರು.

20 ಜೂನ್, ಬೆಳಿಗ್ಗೆ 11 ಗಂಟೆ 40 ನಿಮಿಷಕ್ಕೆ ಮಾದರಿ ಕಿಟಕಿಯನ್ನು ಕೂರಿಸಲಾಯಿತು. 21 ಜೂನ್, ಹತ್ತೂ ಇಪ್ಪತ್ತಕ್ಕೆ ಎದುರಿನ ಕಿಟಕಿಯಲ್ಲಿ ಅತ್ತಿಗೆಯವರ ಬಾಯಿ ಆಡುತ್ತಿರುವುದು ಕಂಡಿತು. ಏನೂ ಕೇಳಲಿಲ್ಲ. ಸಂಚಾಲಕರು ಶಬ್ದಮಾಪಕವನ್ನು ನೋಡಿ, ಫಲಿತಾಂಶ ನಿರೀಕ್ಷೆಯಂತಿದೆ ಎಂದು ದಾಖಲಿಸಿದರು.

ಈ ಹಿನ್ನೆಲೆಯಲ್ಲಿ, ಇಪ್ಪತ್ತೂ ಮನೆಗಳ ಕಿಟಕಿಗಳಿಗೆ 31 ಜುಲೈ ಒಳಗೆ ಬೇಡಿಕೆ ಸಲ್ಲಿಸಬೇಕಾಗಿರುವುದರಿಂದಲೂ, ಒಮ್ಮೆ ಕೂರಿಸಿದ ಕಿಟಕಿ ಕನಿಷ್ಠ ಮೂವತ್ತು ವರ್ಷ ಕೂತಿರುತ್ತದೆಂದು ತಯಾರಕರು ಹೇಳುತ್ತಿರುವುದರಿಂದಲೂ, ಸಂಚಾಲಕರಿಗೆ ಅರವತ್ತೇಳು ಮತ್ತು ಅಣ್ಣನವರಿಗೆ ಎಪ್ಪತ್ತೊಂದು ವರ್ಷವಾಗಿರುವುದರಿಂದಲೂ, ಈ ಕೆಳಗಿನಂತೆ ಆದೇಶಿಸಲಾಗಿದೆ.

1. ವ್ಯಾಖ್ಯೆ. ಮನುಷ್ಯನು ನಿಂತುಕೊಂಡು ದಾಟಬಹುದಾದ ತೆರಪು 'ಬಾಗಿಲು'. ಮನುಷ್ಯನ ಮಾತು ಮಾತ್ರ ದಾಟಬಹುದಾದ ತೆರಪು 'ಕಿಟಕಿ'. ಎರಡೂ ದಾಟಲಾಗದ್ದು 'ಗೋಡೆ'. ಸುತ್ತೋಲೆ ಸಂಖ್ಯೆ 03ರಲ್ಲಿ ಕಿಟಕಿಯೆಂದು ಕರೆಯಲಾಗಿದ್ದ ವಸ್ತುವು ಈ ವ್ಯಾಖ್ಯೆಯ ಪ್ರಕಾರ ಆಚೆಗಿನದು ಕಾಣುವ ಗೋಡೆಯಾಗಿತ್ತೆಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ.

2. ಬಂಧುಗಳ ಮನೆ. ಕಿಟಕಿ ಆರಿಸುವಾಗ 'ನಮ್ಮ ಷಡ್ಡಕನ ಮನೆಯಲ್ಲಿ ಇರುವಂಥದ್ದು' ಎಂಬುದನ್ನು ಅಳತೆಯೆಂದು ಪರಿಗಣಿಸಲಾಗುವುದಿಲ್ಲ. 'ಅದಕ್ಕಿಂತ ಸ್ವಲ್ಪ ದೊಡ್ಡದು' ಎಂಬುದನ್ನೂ ಪರಿಗಣಿಸಲಾಗುವುದಿಲ್ಲ. ಪ್ರತಿ ಮನೆಯವರೂ ತಮ್ಮ ತೆರಪನ್ನು ಅಗಲದಲ್ಲಿ ಮೂರು ಕಡೆ, ಎತ್ತರದಲ್ಲಿ ಮೂರು ಕಡೆ ಅಳೆದು, ಅತಿ ಚಿಕ್ಕ ಅಂಕಿಯನ್ನು ಬರೆದು ಕೊಡತಕ್ಕದ್ದು. ಒಂದನೇ ಮಹಡಿಯ ದರ್ಜಿಯವರು ತಮ್ಮ ಟೇಪಿನಿಂದ ಅಳೆದು 'ಎದೆ', 'ಸೊಂಟ' ಎಂಬ ಶೀರ್ಷಿಕೆಗಳಡಿ ಸಲ್ಲಿಸಿರುವ ವಿವರವನ್ನು ಸ್ವೀಕರಿಸಲಾಗಿದೆ, ಅಂಕಿಗಳು ಸರಿಯಿರುವ ಕಾರಣ.

3. ಚೌಕಟ್ಟಿನ ಬಣ್ಣ. ಚೌಕಟ್ಟು ಬಿಳಿಯಾಗಿರತಕ್ಕದ್ದು. ಬಿಳಿಯಲ್ಲಿ ಏಳು ಬಗೆಗಳಿದ್ದು, ಏಳನ್ನೂ ಕೆಳಗಿನ ಕಾವಲುಗಾರರ ಕೋಣೆಯಲ್ಲಿ ಸಾಲಾಗಿ ಜೋಡಿಸಲಾಗಿದೆ. ದಂಪತಿಗಳು ಒಟ್ಟಿಗೆ ಬಂದು ಹಗಲು ಬೆಳಕಿನಲ್ಲಿ ನೋಡತಕ್ಕದ್ದು. ವ್ಯತ್ಯಾಸ ಕಾಣದ ಗಂಡಂದಿರು "ಎಲ್ಲಾ ಒಂದೇ ತರ ಇದೆಯಲ್ಲೇ" ಎನ್ನತಕ್ಕದ್ದಲ್ಲ. ಕನಿಷ್ಠ ಹದಿನೈದು ಸೆಕೆಂಡು ನೋಡಿ, ತಲೆಯನ್ನು ಒಮ್ಮೆ ಎಡಕ್ಕೆ ವಾಲಿಸಿ, "ನಾಲ್ಕನೇದು" ಎನ್ನತಕ್ಕದ್ದು. ಏಳರಲ್ಲಿ ನಾಲ್ಕನೆಯದು ಯಾವ ಕಡೆಯಿಂದ ಎಣಿಸಿದರೂ ಅದೇ ಆಗಿರುವುದರಿಂದ ಮನೆಗೆ ಹೋದ ಮೇಲೆ ವಿವಾದಕ್ಕೆ ಅವಕಾಶವಿರುವುದಿಲ್ಲ.

4. ಹಿಡಿ. ತೆರೆಯುವ ಕಿಟಕಿಯ ಹಿಡಿಯನ್ನು ಕೆಳಕ್ಕೆ ತಿರುಗಿಸಿದರೆ ಮುಚ್ಚುತ್ತದೆ. ಅಡ್ಡಕ್ಕೆ ತಿರುಗಿಸಿದರೆ ತೆರೆಯುತ್ತದೆ. ಮೇಲಕ್ಕೆ ತಿರುಗಿಸಿದರೆ ಕಿಟಕಿಯ ಮೇಲ್ಭಾಗ ಒಳಕ್ಕೆ ವಾಲಿ ನಿಲ್ಲುತ್ತದೆ. ಕಾವಲುಗಾರರ ಕೋಣೆಯ ಮಾದರಿಯಲ್ಲಿ ಇದನ್ನು ಪ್ರಯೋಗಿಸಿ, "ಅಯ್ಯೋ, ಬಿದ್ದೇಹೋಯ್ತು!" ಎಂದು ಕೂಗಿ ಎರಡೂ ಕೈಗಳಿಂದ ಹಿಡಿದುಕೊಂಡು ನಿಂತವರ ಸಂಖ್ಯೆ ಈವರೆಗೆ ನಾಲ್ಕು. ಒಬ್ಬರು ಮೇಸ್ತ್ರಿ ಬರುವವರೆಗೆ ನಲವತ್ತು ನಿಮಿಷ ಹಾಗೇ ನಿಂತಿದ್ದರು. ಅವರ ನಿಷ್ಠೆಯನ್ನು ವಿಭಾಗ ಶ್ಲಾಘಿಸುತ್ತದೆ. ಆದರೆ ಅದು ಬೀಳುವುದಿಲ್ಲ.

5. ನೊಣ. ಸದರಿ ಮಾದರಿಯ ಎರಡು ಗಾಜುಗಳ ನಡುವೆ ಒಂದು ನೊಣವಿರುವುದು ತಪಾಸಣೆಯಲ್ಲಿ ಕಂಡುಬಂದಿದೆ. ಇದು ಕಾರ್ಖಾನೆಯಲ್ಲಿಯೇ ಸೇರಿಕೊಂಡಿದ್ದು, ಒಳಗಿನದೆಂದಾಗಲಿ ಹೊರಗಿನದೆಂದಾಗಲಿ ವರ್ಗೀಕರಿಸಲು ಸಾಧ್ಯವಿರುವುದಿಲ್ಲ. ಹತ್ತು ವರ್ಷಗಳ ಗ್ಯಾರಂಟಿ ಗಾಜಿಗೆ ಮಾತ್ರ ಅನ್ವಯಿಸುತ್ತದೆ. ಮಡಚಿದ ಪತ್ರಿಕೆಯಿಂದ ಹೊಡೆದು ಇದನ್ನು ಓಡಿಸಲು ಯತ್ನಿಸತಕ್ಕದ್ದಲ್ಲ. ಎರಡನೇ ಮಹಡಿಯ ನಿವೃತ್ತ ಮುಖ್ಯೋಪಾಧ್ಯಾಯರು ಈಗಾಗಲೇ ಎರಡೂ ಬದಿಗಳಿಂದ ಪ್ರಯತ್ನಿಸಿದ್ದಾರೆ.

6. ಒಳಗಿನ ಶಬ್ದಗಳು. ಜೋಡಿಗಾಜಿನ ಕಿಟಕಿ ಹಾಕಿದ ಮೇಲೆ ಹೊರಗಿನ ಶಬ್ದ ನಿಂತು, ಫ್ರಿಜ್ಜು ಗುನುಗುವುದು, ಗೋಡೆಯ ಗಡಿಯಾರ, ಗಂಡ ನೀರು ನುಂಗುವುದು, ಹೆಂಡತಿ ಮಾತಾಡದೆ ಇರುವುದು ಮುಂತಾದವು ಸ್ಪಷ್ಟವಾಗಿ ಕೇಳತೊಡಗುತ್ತವೆ. ಇವು ಹೊಸ ಶಬ್ದಗಳೆಂದು ವಿಭಾಗಕ್ಕೆ ದೂರು ಕೊಡತಕ್ಕದ್ದಲ್ಲ. ಮೊದಲಿನಿಂದಲೂ ಇದ್ದವು. ಇವುಗಳಲ್ಲಿ ಕೊನೆಯದನ್ನು ಸಂಚಾಲಕರು 21 ಜೂನ್‌ನಿಂದ ಇಪ್ಪತ್ತೆರಡು ದಿನ ಸತತವಾಗಿ ಕೇಳಿಸಿಕೊಂಡಿದ್ದಾರೆ. ಮಾಪಕದಲ್ಲಿ ಅದರ ಅಂಕಿ ಬರುವುದಿಲ್ಲ. ಆದರೂ ಅಕ್ಕಪಕ್ಕದ ಕೋಣೆಗಳಲ್ಲಿ ಕೂತರೂ ಕೇಳುತ್ತದೆ.

ಈ ಅವಧಿಯಲ್ಲಿ ಪತ್ನಿಯವರು ಆಡಿದ್ದು ಆಕ್ಷೇಪಣೆಗಳನ್ನು ಮಾತ್ರ. ಉದಾಹರಣೆಗೆ ಆಕ್ಷೇಪಣೆ 9: "ಅಡುಗೆಮನೇಲಿ ಹೊಗೆ ತುಂಬಿದೆ, ಕಿಟಕಿ ತೆಗೀರಿ." ಉತ್ತರ: ಕಿಟಕಿಯು ತೆಗೆಯುವ ಬಗೆಯದಲ್ಲ. ಆಕ್ಷೇಪಣೆ 10: "ತೆಗೀರಿ ಅಂದ್ರೆ ತೆರೀರಿ ಅಂತಲ್ಲ. ಕಿತ್ತು ತೆಗೀರಿ ಅಂತ." ಉತ್ತರ: ಪರೀಕ್ಷಾ ಅವಧಿ ಮುಗಿದಿಲ್ಲ.

7. ಮಳೆ. ಇನ್ನು ಮುಂದೆ ಮಳೆ ಬಂದರೆ ಕೇಳಿಸುವುದಿಲ್ಲ. ಪ್ರತಿ ಮನೆಯಲ್ಲೂ ಒಬ್ಬರು ಗಂಟೆಗೊಮ್ಮೆ ಹೊರಗೆ ನೋಡಿ, ಮಳೆ ಬರುತ್ತಿದ್ದಲ್ಲಿ "ಮಳೆ ಬರ್ತಿದೆ" ಎಂದು ಉಳಿದವರಿಗೆ ತಿಳಿಸತಕ್ಕದ್ದು. ಬರದಿದ್ದಲ್ಲಿ ತಿಳಿಸುವ ಅಗತ್ಯವಿರುವುದಿಲ್ಲ. ಒಬ್ಬರೇ ವಾಸಿಸುವವರು ತಮಗೆ ತಾವೇ ತಿಳಿಸಿಕೊಳ್ಳಬಹುದು. ಇದಕ್ಕೆ ವಿಭಾಗದ ಪೂರ್ವಾನುಮತಿ ಬೇಕಿಲ್ಲ.

8. ದೂರವಾಣಿ ಬದಲಿ ವ್ಯವಸ್ಥೆ. ಡಕ್ಟಿನ ಮಾತು ನಿಂತರೆ ನಷ್ಟವೇನು, ಮೊಬೈಲ್ ಇದೆಯಲ್ಲ ಎಂಬ ಅಭಿಪ್ರಾಯ ವಿಭಾಗದಲ್ಲಿ ಇತ್ತು. ವಿಭಾಗದಲ್ಲಿ ಇರುವುದು ಒಬ್ಬರೇ. 22 ಜೂನ್‌ನಿಂದ ವಾರಗಿತ್ತಿಯರು ಹತ್ತೂ ಇಪ್ಪತ್ತಕ್ಕೆ ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ಫೋನಿನಲ್ಲಿ ಮಾತಾಡತೊಡಗಿದರು. ಇದರಿಂದ ಅವರಿಗೆ ಯಾವ ಕೊರತೆಯೂ ಆಗಲಿಲ್ಲ. ಕೊರತೆ ಬೇರೆ ಕಡೆ ಆಯಿತು. ಡಕ್ಟಿನ ಮಾತನ್ನು ನಾಲ್ವರು ಕೇಳುತ್ತಿದ್ದರು, ಫೋನಿನ ಮಾತನ್ನು ಇಬ್ಬರೇ ಕೇಳುತ್ತಾರೆ ಎಂಬ ಸರಳ ಲೆಕ್ಕವನ್ನು ಪರೀಕ್ಷೆಯ ಯೋಜನೆಯಲ್ಲಿ ಸೇರಿಸಿರಲಿಲ್ಲ. ಈ ಲೋಪಕ್ಕೆ ಸಂಚಾಲಕರೇ ಹೊಣೆ.

9. ಸ್ಟೂಲು. ಅಡುಗೆಮನೆಯಲ್ಲಿ ಎಪ್ಪತ್ತು ದಾಟಿದವರು ಸ್ಟೂಲು ಹತ್ತುವುದನ್ನು ಈ ಮೂಲಕ ನಿಷೇಧಿಸಲಾಗಿದೆ.

ಕಾರಣ: 12 ಜುಲೈ, ಬುಧವಾರ, ಎಲ್ಲ ಮನೆಗಳ ತೆರಪುಗಳನ್ನು ಪರಿಶೀಲಿಸುತ್ತಿದ್ದ ಕಿಟಕಿ ಮೇಸ್ತ್ರಿಯವರು ಪಶ್ಚಿಮದ ಮೆಟ್ಟಿಲಿನ ಕೆಲಸ ಮುಗಿಸಿ ಬಂದು ಊಟದ ಮೇಜಿನ ಮೇಲೆ ಟೇಪು ಇಡುತ್ತ, "ಎದುರುಗಡೆ ಯಜಮಾನ್ರು ಪಾಪ, ಬಲಗೈ ಪೂರ್ತಿ ಪ್ಲಾಸ್ಟರು. ಆದ್ರೂ ನನಗೆ ಅಳತೆ ಹೇಳಿಕೊಡ್ತಾರೆ! ಹೇಗಿದಾರೆ ಈಗ, ನೋವು ಕಡಿಮೆನಾ?" ಎಂದು ಸಂಚಾಲಕರನ್ನು ಕೇಳಿದರು. ಸಂಚಾಲಕರು "ಪ್ಲಾಸ್ಟರಾ? ಯಾಕೆ?" ಎಂದರು. ಮೇಸ್ತ್ರಿಯವರು ಅವರ ಮುಖ ನೋಡಿ, "ನಿಮ್ಮಣ್ಣ ಅಲ್ವಾ ಸಾರ್ ಅವ್ರು?" ಎಂದರು. ಸಂಚಾಲಕರು ಹೌದೆಂದು, ಪತ್ನಿಯವರನ್ನು ವಿಚಾರಣೆಗೆ ಕರೆದರು.

ವಿಚಾರಣೆಯಲ್ಲಿ, ಅಣ್ಣನವರು 3 ಜುಲೈ ಸೋಮವಾರ ಸ್ಟೂಲಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರೆಂದೂ, ಸಂಚಾಲಕರ ಪತ್ನಿಯವರು ಅಂದೇ ಮಧ್ಯಾಹ್ನ ನೂರ ಅರವತ್ತೆಂಟು ಮೆಟ್ಟಿಲು ದಾಟಿ ಹೋಗಿ ನೋಡಿ ಬಂದಿದ್ದರೆಂದೂ ತಿಳಿದುಬಂದಿತು. ಒಂಬತ್ತು ದಿನ ಏಕೆ ತಿಳಿಸಲಿಲ್ಲವೆಂದು ಕೇಳಲಾಗಿ, "ನಿಮಗೆ ಆ ಕಡೆ ಸದ್ದು ಬೇಡ ಅಂದ್ರಲ್ಲ? ಮೂವತ್ತೇಳು ಡೆಸಿಬೆಲ್ ಅಂತ ಬರ್ಕೊಂಡು ಖುಷಿಯಾಗಿದ್ರಿ. ನಾನ್ಯಾಕೆ ಕಡಿಮೆ ಮಾಡ್ಲಿ?" ಎಂದು ಪತ್ನಿಯವರು ಉತ್ತರಿಸಿದ್ದು ಆಕ್ಷೇಪಣೆ 46 ಎಂದು ದಾಖಲಾಗಿದೆ.

ಸ್ಟೂಲು ಹತ್ತಿದ್ದು ಅಡುಗೆಮನೆಯ ಬಲ್ಬು ಬದಲಿಸಲು ಎಂಬುದು ಅಣ್ಣನವರ ಹೇಳಿಕೆ. ಮೇಸ್ತ್ರಿಯವರ ಪ್ರಕಾರ ಸದರಿ ಬಲ್ಬು ಉರಿಯುತ್ತಲೇ ಇದೆ, ಹಳೆಯದೇ ಇದೆ, ಮತ್ತು ಅದು ಇರುವುದು ಕೋಣೆಯ ಇನ್ನೊಂದು ಮೂಲೆಯಲ್ಲಿ. ಸ್ಟೂಲು ಇದ್ದದ್ದು ಡಕ್ಟಿನ ಕಡೆಯ ಗವಾಕ್ಷಿಯ ಕೆಳಗೆ. ಅತ್ತಿಗೆಯವರು ಸಂಚಾಲಕರ ಪತ್ನಿಗೆ ಕೊಟ್ಟ ಹೇಳಿಕೆ ಹೀಗಿದೆ: "ಬಲ್ಬೂ ಇಲ್ಲ ಗಿಲ್ಬೂ ಇಲ್ಲ. ಎರಡು ವಾರದಿಂದ ನಿಮ್ಮನೆ ಕಡೆಯಿಂದ ಒಂದೂ ಸದ್ದಿಲ್ಲ, ಅವನಿಗೇನಾದ್ರೂ ಆಗಿದೆಯಾ ಅಂತ ಕಿವಿ ಕೊಡೋಕೆ ಹತ್ತಿದ್ರು. ನನ್ನ ಕೇಳಿದ್ರೆ ಆಗ್ತಿರಲಿಲ್ವಾ? ಕೇಳಲ್ಲ. ಮಾನ ಹೋಗತ್ತಲ್ಲ!" ವಿಭಾಗವು ಎರಡೂ ಹೇಳಿಕೆಗಳನ್ನು ಪರಿಶೀಲಿಸಿದೆ. ಯಾವುದನ್ನು ನಂಬಲಾಗಿದೆ ಎಂಬುದನ್ನು ಬಹಿರಂಗಪಡಿಸುವ ಅಗತ್ಯ ಕಾಣುವುದಿಲ್ಲ.

10. ಅಡುಗೆಮನೆ ಕಿಟಕಿಗಳು. ಮೇಲ್ಕಂಡ ಕಾರಣಗಳಿಂದ, ಮಾದರಿ ಕಿಟಕಿಯನ್ನು 15 ಜುಲೈ ಶನಿವಾರ, ಪರೀಕ್ಷಾ ಅವಧಿ ಮುಗಿಯಲು ಐದು ದಿನ ಇರುವಂತೆಯೇ, ಕಳಚಲಾಗಿದೆ. ಸಂಚಾಲಕರು ಅವಧಿಗೆ ಮುನ್ನ ನಿಲ್ಲಿಸಿದ ಪರೀಕ್ಷೆ ತಮ್ಮ ಜೀವಮಾನದಲ್ಲಿ ಇದೊಂದೇ. ಗಾಜು ಹೊರಬಂದೊಡನೆ ಎದುರಿನಿಂದ ಅತ್ತಿಗೆಯವರು "ಅಬ್ಬ, ಇದೀರಾ ಎಲ್ಲಾ!" ಎಂದರು. ಅವರ ಹಿಂದೆ ಯಾರೋ ಕೆಮ್ಮಿದರು. ಶೀತದ ಕೆಮ್ಮಲ್ಲ.

ಆದ್ದರಿಂದ, ರಸ್ತೆ ಕಡೆಯ ಕೋಣೆಗಳಿಗೆ ಯಾವ ಬಗೆಯ ಜೋಡಿಗಾಜಿನ ಕಿಟಕಿಯನ್ನಾದರೂ ಆರಿಸಿಕೊಳ್ಳಬಹುದು. ಡಕ್ಟಿನ ಕಡೆಯ ಅಡುಗೆಮನೆಗಳಿಗೆ ಕೀಲಿನ ಮೇಲೆ ತೆರೆಯುವ ಕಿಟಕಿಯನ್ನೇ ಹಾಕತಕ್ಕದ್ದು. ಮುಚ್ಚಿದಾಗ ಅದು 34 ಡೆಸಿಬೆಲ್ ತಡೆಯುತ್ತದೆ, ತೆರೆದಾಗ ಸೊನ್ನೆ. ಈ ಸೊನ್ನೆಯನ್ನು ದೋಷವೆಂದು ಹಿಂದಿನ ಸುತ್ತೋಲೆಯಲ್ಲಿ ನಮೂದಿಸಲಾಗಿತ್ತು. ಇನ್ನು ಮುಂದೆ ಗುಣವೆಂದು ಓದಿಕೊಳ್ಳತಕ್ಕದ್ದು. ಪ್ರತಿದಿನ ಬೆಳಿಗ್ಗೆ 10.20ರಿಂದ 11ರವರೆಗೆ ಈ ಕಿಟಕಿಗಳನ್ನು ಪೂರ್ತಿ ತೆರೆದಿಡತಕ್ಕದ್ದು. ಆಗ ಮಿಕ್ಸಿ ಓಡಿಸತಕ್ಕದ್ದಲ್ಲ.

11. ಕೇಳಿಸಿಕೊಳ್ಳುವವರ ನಡತೆ. ಸದರಿ ನಲವತ್ತು ನಿಮಿಷಗಳಲ್ಲಿ ಅಡುಗೆಮನೆಯ ಪಕ್ಕದಲ್ಲಿ ಕೆಲಸವಿಲ್ಲದೆ ಕೂರುವ ಗಂಡಸರು ಕೈಯಲ್ಲಿ ಪತ್ರಿಕೆ ಹಿಡಿದಿರತಕ್ಕದ್ದು. ಪತ್ರಿಕೆ ತಲೆಕೆಳಗಾಗಿರಬಾರದು. ಕೇಳಿಸಿಕೊಳ್ಳುತ್ತಿಲ್ಲವೆಂದು ನಟಿಸಲು ಅನುಮತಿಯಿದೆ, ಆದರೆ ಆಗಾಗ ಪುಟ ತಿರುವತಕ್ಕದ್ದು. ಹದಿನೈದು ನಿಮಿಷ ಒಂದೇ ಪುಟ ಓದಿದವರನ್ನು ಕೇಳಿಸಿಕೊಂಡವರೆಂದೇ ಪರಿಗಣಿಸಲಾಗುವುದು. ಎದುರು ಮನೆಗೆ ಏನಾದರೂ ತಿಳಿಸಬೇಕಿದ್ದಲ್ಲಿ ಪತ್ನಿಯವರ ಮೂಲಕವೇ ತಿಳಿಸಬೇಕೆಂಬ ಹನ್ನೊಂದು ವರ್ಷಗಳ ಪದ್ಧತಿ ಕಡ್ಡಾಯವಲ್ಲ. ನೇರವಾಗಿ ಮಾತಾಡುವುದನ್ನು ನಿಷೇಧಿಸುವ ಯಾವ ನಿಯಮವೂ ಕಡತಗಳಲ್ಲಿ ಸಿಕ್ಕಿಲ್ಲ. ಹುಡುಕಲಾಗಿದೆ.

12. ಬಾಗಿಲುಗಳು. ಹಿಂಬಾಲ್ಕನಿಯ ಹಳೆಯ ಮರದ ಬಾಗಿಲುಗಳನ್ನು ತೆಗೆದು ಜೋಡಿಗಾಜಿನ ಬಾಗಿಲು ಹಾಕಿಸಿಕೊಳ್ಳಬಹುದು. ಆದರೆ ತೆಗೆಯುವ ಮುನ್ನ ಬಾಗಿಲನ್ನೂ, ಬಾಗಿಲು ನಿಂತ ಗೋಡೆಯನ್ನೂ, ಪ್ರತ್ಯೇಕವಾಗಿ ಅಳೆಯತಕ್ಕದ್ದು.

ಈ ನಿಯಮಕ್ಕೆ ಕಾರಣವಾದ ಬಾಗಿಲು ಸಂಚಾಲಕರ ಅಡುಗೆಮನೆಯಿಂದ ಹಿಂಬಾಲ್ಕನಿಗೆ ತೆರೆಯುವಂಥದು. ಅದನ್ನು 2012ರಲ್ಲಿ ಅಣ್ಣನವರು ತಮ್ಮ ಕೈಯಾರೆ ಮಾಡಿ, ತಮ್ಮನ ಹೊಸ ಮನೆಗೆಂದು ಹೊತ್ತು ತಂದು ನಿಲ್ಲಿಸಿದ್ದರು. ಮೂರು ವಾರದ ಕೆಲಸ. ಸಂಚಾಲಕರು ಅದನ್ನು ಮೆಚ್ಚುವ ಮೊದಲು ಅಳೆದರು. ಬಾಗಿಲಿನ ಅಂಚಿಗೂ ಗೋಡೆಗೂ ನಡುವಿನ ಸಂದು ಕೆಳಗೆ ಒಂದು ಅಳತೆ, ಮೇಲೆ ಇನ್ನೊಂದು. ಅಂದೇ ಸಂಜೆ ಬಾಗಿಲಿಗೆ ಟಿಪ್ಪಣಿ ಅಂಟಿಸಿದರು: 'ಬಾಗಿಲು ಮೇಲ್ತುದಿಯಲ್ಲಿ 3 ಮಿಲಿಮೀಟರ್ ಓರೆಯಾಗಿದೆ. ಸರಿಪಡಿಸತಕ್ಕದ್ದು.' ಉಲ್ಲೇಖ (3) ಎಂದರೆ ಇದೇ.

ಮಾರನೆಯ ಬೆಳಿಗ್ಗೆ ಅಣ್ಣನವರು ಟಿಪ್ಪಣಿಯನ್ನು ಎರಡು ಸಲ ಓದಿ, "ನನ್ನ ಬಾಗಿಲು ನೆಟ್ಟಗಿದೆ ಕಣೋ. ಸೊಟ್ಟ ಇರೋದು ನಿನ್ನ ಗೋಡೆ" ಎಂದರು. ಸಂಚಾಲಕರು "ಗೋಡೆ ಹೇಗೆ ಸೊಟ್ಟ ಇರತ್ತಣ್ಣ? ಗೋಡೆ ಗೋಡೆನೇ" ಎಂದರು. ಅಣ್ಣನವರು ಉಳಿ, ಕೀಸುಳಿ, ಮೂಲೆಮಟ್ಟಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡು ಹೋದರು. ಅದು ಅವರಿಬ್ಬರ ನಡುವಿನ ಕೊನೆಯ ಮಾತು. ಸಂಚಾಲಕರು ಗೋಡೆಯನ್ನು ಅಳೆದಿರಲಿಲ್ಲ. ಇತರರ ಆಧಾರಗಳನ್ನು ಮೂವತ್ತನಾಲ್ಕು ವರ್ಷ ಪರೀಕ್ಷಿಸಿದವರು ತಮ್ಮ ಮನೆಯ ಆಧಾರವನ್ನು ಪರೀಕ್ಷಿಸದೆ ನಂಬಿದ್ದರು ಎಂಬ ಅಂಶವನ್ನು ವಿಭಾಗವು ಗಮನಿಸಿದೆ.

15 ಜುಲೈ, ಮಾದರಿ ಕಿಟಕಿ ಕಳಚಿದ ಮೇಲೆ, ಹೊಸ ಬಾಗಿಲಿನ ಅಳತೆಗೆಂದು ಮೇಸ್ತ್ರಿಯವರು ಹಳೆಯ ಬಾಗಿಲಿಗೆ ರಸಮಟ್ಟ ಹಿಡಿದರು. ಅದರೊಳಗಿನ ಗುಳ್ಳೆಯನ್ನು ನೋಡಿದರು. ರಸಮಟ್ಟವನ್ನು ಗೋಡೆಗೆ ಹಿಡಿದರು. ಗುಳ್ಳೆಯನ್ನು ನೋಡಿದರು. ಆಮೇಲೆ, "ಸಾರ್, ಇಲ್ಲಿ ಬನ್ನಿ ಸ್ವಲ್ಪ. ನಾನು ಹೇಳಲ್ಲ, ನೀವೇ ನೋಡಿ" ಎಂದರು. ಸಂಚಾಲಕರು ದಾರಕ್ಕೆ ತೂಕದ ಗುಂಡು ಕಟ್ಟಿ ಇಳಿಬಿಟ್ಟು ಏಳು ಸಲ ಅಳೆದರು. ಏಳು ಸಲವೂ ಅದೇ ಅಂಕಿ. ಬಳಿಕ ಅಲ್ಲಿದ್ದ ಸ್ಟೂಲಿನ ಮೇಲೆ ಕೂತರು (ಹತ್ತಲಿಲ್ಲ, ಎಪ್ಪತ್ತೂ ದಾಟಿಲ್ಲ, ಕಂಡಿಕೆ 9ರ ಉಲ್ಲಂಘನೆ ಆಗಿರುವುದಿಲ್ಲ). "ಎಷ್ಟು ಬಂತು?" ಎಂದು ಪತ್ನಿಯವರು ಕೇಳಿದರು. ಎದುರಿನ ಕಿಟಕಿ ತೆರೆದಿದ್ದುದರಿಂದ ಸಂಚಾಲಕರು ಉತ್ತರಿಸಲಿಲ್ಲ. ಇಂಥ ಅಂಕಿಯನ್ನು ಡಕ್ಟಿನ ಮೂಲಕ ಕೂಗಿ ಹೇಳುವುದು ಕ್ರಮವಲ್ಲ. ಅದನ್ನು ಅನುಬಂಧದಲ್ಲಿ ನಮೂದಿಸಲಾಗಿದೆ.

13. ಸದರಿ ಬಾಗಿಲನ್ನು ತೆಗೆಯತಕ್ಕದ್ದಲ್ಲ. ಕಟ್ಟಡದ ಇಪ್ಪತ್ತು ಮನೆಗಳಲ್ಲಿ ಇದೊಂದು ಬಾಗಿಲಿಗೆ ಮಾತ್ರ ಜೋಡಿಗಾಜಿನಿಂದ ವಿನಾಯಿತಿ ನೀಡಲಾಗಿದೆ. ಇದು ಸ್ವಜನಪಕ್ಷಪಾತವೆಂದು ಯಾರಾದರೂ ದೂರಿದಲ್ಲಿ, ಹೌದು.

14. ಉಲ್ಲೇಖ (3)ರ ಟಿಪ್ಪಣಿಯನ್ನು, ಅಂಟಿಸಿದ ದಿನಾಂಕದಿಂದಲೇ ಜಾರಿಗೆ ಬರುವಂತೆ, ಬೇಷರತ್ತಾಗಿ ಹಿಂಪಡೆಯಲಾಗಿದೆ. ಕಾಗದವನ್ನು ಸಂಚಾಲಕರು ಬಿಸಿನೀರಿನ ಬಟ್ಟೆಯಿಂದ ಖುದ್ದಾಗಿ ತೆಗೆದಿದ್ದಾರೆ. ಗೋಂದಿನ ಗುರುತು ನಾಲ್ಕು ಮೂಲೆಗಳಲ್ಲಿ ಉಳಿದಿದೆ. ಅದನ್ನು ತೆಗೆಯುವ ವಿಧಾನ ಮರಗೆಲಸ ಬಲ್ಲವರಿಗೆ ಗೊತ್ತಿರುತ್ತದೆ. ಬಂದು ಹೇಳಿಕೊಟ್ಟಲ್ಲಿ ವಿಭಾಗವು ಆಭಾರಿಯಾಗಿರುತ್ತದೆ.

ಈ ಸುತ್ತೋಲೆಯಲ್ಲಿನ ಯಾವುದೇ ಅಂಶದ ಬಗ್ಗೆ ಸಂದೇಹಗಳಿದ್ದಲ್ಲಿ ಡಕ್ಟಿನ ಕಡೆ ಮುಖ ಮಾಡಿ ಕೇಳಬಹುದು.

(ಸಹಿ)
ಸಂಚಾಲಕರು
ಕಿಟಕಿ ಮತ್ತು ಬಾಗಿಲು ಬದಲಾವಣಾ ವಿಭಾಗ

ಪ್ರತಿಗಳು:

1. ಸಂಘದ ಅಧ್ಯಕ್ಷರಿಗೆ, ಮಾಹಿತಿಗಾಗಿ. ಮುಂದಿನ ಸಭೆಗಳಲ್ಲಿ 'ಚೆನ್ನಾಗಿರೋ' ಎಂಬ ಪದವನ್ನು ಬಳಸದಿರುವಂತೆ ಕೋರಿಕೆಯೊಂದಿಗೆ.

2. ಮೂರನೇ ಮಹಡಿಯ ಸೊಸೆಯವರಿಗೆ. ಮಗು ಮಲಗಿರುವಾಗ ಅಜ್ಜನವರಿಗೆ ಗಟ್ಟಿಯಾಗಿ ಓದಿ ಹೇಳತಕ್ಕದ್ದಲ್ಲ.

3. ಕಿಟಕಿ ಮೇಸ್ತ್ರಿಯವರಿಗೆ, ಗೊತ್ತಿದ್ದೂ ತಾವು ಹೇಳದೆ ಸಂಚಾಲಕರಿಗೇ ನೋಡಲು ಬಿಟ್ಟದ್ದಕ್ಕಾಗಿ ಮೆಚ್ಚುಗೆಯೊಂದಿಗೆ.

4. ಕಾವಲುಗಾರರ ಕೋಣೆಯ ಮಾದರಿ ಕಿಟಕಿಗೆ ಅಂಟಿಸಲು. ನೊಣಕ್ಕೆ ಅಡ್ಡವಾಗದಂತೆ.

5. ಸಂಚಾಲಕರ ಪತ್ನಿಯವರಿಗೆ, ಆಕ್ಷೇಪಣೆ 1ರಿಂದ 46ಕ್ಕೆ ಉತ್ತರವಾಗಿ. ಆಕ್ಷೇಪಣೆ 47 ("ಇದನ್ನೆಲ್ಲಾ ಬರೆಯೋ ಬದ್ಲು ಎದ್ದು ಹೋಗಿ ಮಾತಾಡಿ") ಇದೀಗ ತಲುಪಿದ್ದು, ಒಪ್ಪಲಾಗಿದೆ.

6. ಅತ್ತಿಗೆಯವರಿಗೆ ಪ್ರತ್ಯೇಕ ಪ್ರತಿ ಕಳಿಸಿರುವುದಿಲ್ಲ. ಕರಡನ್ನು ಪತ್ನಿಯವರು ಕಿಟಕಿಯಲ್ಲಿ ನಿಂತು ಓದಿಯಾಗಿದೆ, ಅನುಬಂಧವೊಂದನ್ನು ಬಿಟ್ಟು.

7. ಕಡತಕ್ಕೆ.

8. ಪಶ್ಚಿಮದ ಮೆಟ್ಟಿಲು, ನಾಲ್ಕನೇ ಮಹಡಿ, ಅಣ್ಣನಿಗೆ. ಅನುಬಂಧ ಸಹಿತ, ಖುದ್ದಾಗಿ, ಎಂಬತ್ತನಾಲ್ಕು ಇಳಿದು ಎಂಬತ್ತನಾಲ್ಕು ಹತ್ತಿ. ಬಲಗೈಗೆ ಪ್ಲಾಸ್ಟರ್ ಇರುವುದರಿಂದ, ಓದಿ ಮುಗಿಸುವವರೆಗೆ ಕಾಗದವನ್ನು ಹಿಡಿದುಕೊಂಡಿರಲು ಸಂಚಾಲಕರು ಅಲ್ಲಿಯೇ ನಿಂತಿರತಕ್ಕದ್ದು. ಅಕ್ಷರಗಳನ್ನು ದೊಡ್ಡದಾಗಿ ಬರೆಯಲಾಗಿದೆ.

ಅನುಬಂಧ

ಅಳತೆ ತೆಗೆದ ಸ್ಥಳ: ಸಂಚಾಲಕರ ಅಡುಗೆಮನೆಯ ಹಿಂಬಾಗಿಲು.
ದಿನಾಂಕ: 15 ಜುಲೈ 2023.
ಅಳೆದ ಎತ್ತರ: ಎರಡು ಮೀಟರ್.
ಅಳೆದ ಸಲ: ಏಳು.
ಬಾಗಿಲಿನ ಓರೆ: ಸೊನ್ನೆ.
ಗೋಡೆಯ ಓರೆ: ಮೂರು ಮಿಲಿಮೀಟರ್.